ಹೊಲಿದವರು ಯಾರು? – ಕರ್ತರಿ, ಕರ್ಮಣಿ ಪ್ರಯೋಗಗಳಿಗೆ ಪೂರಕ ಪಾಠ

1953ರ ಸೆಪ್ಟೆಂಬರ್ 12ರಂದು ಅಮೆರಿಕದ ನ್ಯೂಪೋರ್ಟ್ ನಗರದಲ್ಲಿ ಜಾಕ್ವೆಲಿನ್ ಅವರು ಮುಂದೆ ರಾಷ್ಟ್ರಾಧ್ಯಕ್ಷರಾದ ಜಾನ್ ಎಫ್. ಕೆನಡಿ ಅವರನ್ನು ವರಿಸಿದರು. ವಧುವಿನ ದಂತವರ್ಣದ ರೇಷ್ಮೆಯ ಉಡುಪು ಜಗತ್ಪ್ರಸಿದ್ಧವಾಯಿತು. ಅದಕ್ಕೆ ಸುಮಾರು 50 ಗಜ ಬಟ್ಟೆ ಬೇಕಾಯಿತು. ಬಿಗಿಯಾದ ನಡು, ಅಗಲವಾಗಿ ಹರಡಿದ ಲಂಗ, ಲಂಗದ ಮೇಲೆ ಮಡಿಕೆಗಳಿಂದಲೇ ರಚಿಸಿದ ದೊಡ್ಡ ವೃತ್ತಗಳು ಅದರ ವೈಶಿಷ್ಟ್ಯ.

ಅದನ್ನು ರೂಪಿಸಿದವರು ಆನ್ ಲೋ. ಅಲಬಾಮಾದಲ್ಲಿ ಜನಿಸಿದ ಈ ಕಪ್ಪುವರ್ಣೀಯ ಮಹಿಳೆ ತಾಯಿ ಮತ್ತು ಅಜ್ಜಿಯಿಂದ ಹೊಲಿಗೆ ಕಲಿತವರು. ಮದುವೆಗೆ ಹತ್ತು ದಿನಗಳಿರುವಾಗ ಅವರ ಹೊಲಿಗೆ ಮನೆಗೆ ನೀರು ನುಗ್ಗಿ ಸಿದ್ಧವಾಗಿದ್ದ ಉಡುಪು ಹಾಳಾಯಿತು. ಅವರು ಹಗಲಿರುಳು ದುಡಿದು ಮತ್ತೊಮ್ಮೆ ಹೊಲಿದರು. ನಷ್ಟವನ್ನು ತಾವೇ ಭರಿಸಿದರು. ಆದರೂ ಅಂದಿನ ಬಹುತೇಕ ಪತ್ರಿಕಾ ವರದಿಗಳಲ್ಲಿ ಅವರ ಹೆಸರಿರಲಿಲ್ಲ.

ಈ ಪ್ರಸಂಗವನ್ನು ಹೇಳಿದ ಬಳಿಕ ಶಿಕ್ಷಕರು ಕಪ್ಪುಹಲಗೆಯ ಮೇಲೆ ‘ಉಡುಪು ಹೊಲಿಯಲ್ಪಟ್ಟಿತು’ ಎಂದು ಬರೆಯಬೇಕು. ವ್ಯಾಕರಣದಲ್ಲಿ ವಾಕ್ಯ ಪೂರ್ಣವಾಗಿದೆ. ಆದರೆ ಕರ್ತೃ ಮರೆಯಾಗಿದ್ದಾರೆ. ‘ಯಾರಿಂದ?’ ಎಂದು ಮಕ್ಕಳೇ ಕೇಳಲಿ. ಅನಂತರ ‘ಆನ್ ಲೋ ಉಡುಪನ್ನು ಹೊಲಿದರು’ ಎಂದು ಕರ್ತರಿ ಪ್ರಯೋಗಕ್ಕೆ ಪರಿವರ್ತಿಸಲಿ.

ಅಭ್ಯಾಸ: ‘ಅಂಗಳವು ಗುಡಿಸಲ್ಪಟ್ಟಿದೆ’, ‘ಅಡುಗೆಯು ಸಿದ್ಧಪಡಿಸಲ್ಪಟ್ಟಿದೆ’. ಮಕ್ಕಳು ತಮ್ಮ ಶಾಲೆಯಲ್ಲಿ ಈ ಕೆಲಸ ಮಾಡುವವರ ಹೆಸರನ್ನು ವಿಚಾರಿಸಿ ತಿಳಿದು, ಅದನ್ನೇ ಕರ್ತೃಪದವಾಗಿಟ್ಟು ವಾಕ್ಯಗಳನ್ನು ತಿದ್ದಿ ಬರೆಯಲಿ. ಹೆಸರು ತಿಳಿಯದಿದ್ದರೆ ಅಭ್ಯಾಸ ಮುಗಿದಿಲ್ಲವೆಂದೇ ಭಾವಿಸಬೇಕು.