ಕಾಣದ ಬಾಣದ ಗುರುತು: ಲಿನಕ್ಸ್ ಗಣಕಯಂತ್ರದ ಒಂದು ತೊಡಕು

ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ಯಂತ್ರವು ಎಂದಿನಂತೆ ಚಾಲನೆಗೊಂಡು, ತೆರೆಯೂ ಬೆಳಗಿ, ಕೀಲಿಮಣೆಯೂ ಸರಿಯಾಗಿದ್ದು, ಮೌಸಿನ ಬಾಣದ ಗುರುತು ಮಾತ್ರ ಕಾಣದೆ ಹೋಗುವುದುಂಟು. ತೊಡಕು ಅಲ್ಪವಾದುದು, ಅದರ ಪರಿಣಾಮ ಮಾತ್ರ ಅಲ್ಪವಲ್ಲ. ವಿದ್ಯಾರ್ಥಿಗಳ ಅವಧಿಯೊಂದು ವ್ಯರ್ಥವಾಗುತ್ತದೆ. ಯಂತ್ರವೇ ಕೆಟ್ಟಿತೆಂದು ಬಗೆದರೆ ಅದಕ್ಕೆ ಬಟ್ಟೆ ಹೊದಿಸಿ ಮೂಲೆಗಿಡುವುದೂ ನಡೆಯುತ್ತದೆ. ವಾಡಿ, ಶಹಾಬಾದಗಳಿಂದ ರೈಲಿನಲ್ಲಿ ಕಲಬುರಗಿಗೆ ಒಯ್ದು ತೋರಿಸುವುದು ಸುಲಭವೆನಿಸಬಹುದು. ಚಿಂಚೋಳಿ, ಸೇಡಂ, ಚಿತ್ತಾಪುರ ತಾಲೂಕುಗಳ ಒಳಹಳ್ಳಿಯ ಶಾಲೆಗೆ ಅದೊಂದು ದಿನದ ಕೆಲಸ, ಮೇಲೆ ಖರ್ಚು. ದಾನಿಗಳು ಪ್ರೀತಿಯಿಂದ ಕೊಟ್ಟ ಯಂತ್ರವು ಐದು ನಿಮಿಷದ ಪರಿಶೋಧನೆಯಿಲ್ಲದೆ ನಿರುಪಯುಕ್ತವೆಂದು ದಾಖಲೆಗೆ ಸೇರುವುದು ಸರಿಯಲ್ಲ.

ಲಿನಕ್ಸ್ ಈಗ ಶಾಲೆಗಳಿಗೆ ಅಪರಿಚಿತವಲ್ಲ. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ಐ.ಟಿ. ಅಟ್ ಸ್ಕೂಲ್ ಯೋಜನೆ ಕ್ರಮೇಣ ಸ್ವತಂತ್ರ ತಂತ್ರಾಂಶವನ್ನೇ ಆಶ್ರಯಿಸಿತು. ಆದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನಲ್ಲಿಯೇ ಗಣಕ ಕಲಿಯುವಂತಾಯಿತು. ಆ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಮುಂದುವರಿಯಿತು. ಇತ್ತ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಗಳನ್ನು ಬಾಳಿಸಲು ಉಬುಂಟು, ಮಿಂಟ್ ಮೊದಲಾದ ಲಿನಕ್ಸ್ ಆವೃತ್ತಿಗಳೇ ಸುಲಭ ಮಾರ್ಗ. ಹಳೆಯ ಯಂತ್ರ, ಹೊಸ ತಂತ್ರಾಂಶ ಕೂಡಿದಲ್ಲಿ ಇಂಥ ತೊಡಕುಗಳೂ ಬರುವುವೇ.

ಮೊದಲು ತಿಳಿಯಬೇಕಾದುದು ಇಷ್ಟು: ಮೌಸು ಬೇರೆ, ಬಾಣದ ಗುರುತು ಬೇರೆ. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮೌಸನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದಾಗಲೂ ಕೈಯಲ್ಲಿದ್ದ ಉಪಕರಣ ಒಂದು, ತೆರೆಯ ಮೇಲೆ ಚಲಿಸಿದ ಗುರುತು ಇನ್ನೊಂದು. ಮೌಸು ಕೇವಲ ಚಲನೆಯನ್ನು ವರದಿ ಮಾಡುತ್ತದೆ. ಆ ವರದಿಯಿಂದ ಗುರುತಿನ ಸ್ಥಾನವನ್ನು ಲೆಕ್ಕ ಹಾಕುವುದು ತಂತ್ರಾಂಶ. ಆ ಸ್ಥಾನದಲ್ಲಿ ಬಾಣದ ಚಿತ್ರವನ್ನು ತೋರಿಸುವುದು, ಬಹುಮಟ್ಟಿಗೆ, ಗ್ರಾಫಿಕ್ಸ್ ಚಿಪ್ಪಿನ ಕೆಲಸ. ತೆರೆಯ ಉಳಿದ ಚಿತ್ರದೊಡನೆ ಬೆರೆಸದೆ, ಸಣ್ಣದೊಂದು ಚಿತ್ರವನ್ನು ಮೇಲೆ ಪ್ರತ್ಯೇಕವಾಗಿ ತೇಲಿಸಿದಂತೆ ಅದು ತೋರಿಸುತ್ತದೆ. ಹೀಗಾಗಿ ಎಲ್ಲವೂ ಕಂಡು ಬಾಣವೊಂದೇ ಮಾಯವಾಗುವುದು ಸಾಧ್ಯ.

ಇದರಿಂದಲೇ ಮೊದಲ ಪರೀಕ್ಷೆ ಹೊರಡುತ್ತದೆ. ಬಾಣವು ಇಲ್ಲವೋ, ಇದ್ದೂ ಕಾಣುತ್ತಿಲ್ಲವೋ ಎಂಬುದನ್ನು ನಿರ್ಧರಿಸಬೇಕು. ಮೌಸನ್ನು ಮೆಲ್ಲನೆ ಸರಿಸುತ್ತ ಬಲಗುಂಡಿಯನ್ನು ಒತ್ತಿದಾಗ ತೆರೆಯ ಮೇಲೆ ಎಲ್ಲಿಯಾದರೂ ಆಯ್ಕೆಗಳ ಪಟ್ಟಿ ತೆರೆದುಕೊಂಡರೆ, ಬಾಣ ಅಲ್ಲಿಯೇ ಇದೆ. ಮೌಸು ಸರಿದಂತೆ ಚಿಹ್ನೆಗಳು ಒಂದೊಂದಾಗಿ ಬೆಳಗಿದರೂ ಅದೇ ಅರ್ಥ. ಈ ಪರೀಕ್ಷೆ ಮಾಡದೆ ಮೌಸನ್ನು ಬದಲಿಸುವುದು ವ್ಯರ್ಥ ಶ್ರಮ. ದುರ್ದೈವದಿಂದ ಎಲ್ಲರೂ ಮೊದಲು ಮಾಡುವುದು ಅದನ್ನೇ.

ಪಟ್ಟಿ ತೆರೆಯದಿದ್ದರೆ, ಏನೂ ಬೆಳಗದಿದ್ದರೆ, ದೋಷವನ್ನು ಮೌಸಿನ ಕಡೆಗೆ ಹುಡುಕಬೇಕು. ತಂತಿಯನ್ನು ಬೇರೆ ಯು.ಎಸ್.ಬಿ. ಕಿಂಡಿಗೆ ಚುಚ್ಚಿ ನೋಡಬೇಕು. ತಂತಿಯಿಲ್ಲದ ಮೌಸಾದರೆ ಬ್ಯಾಟರಿ ನೋಡಬೇಕು. ಅಡಿಯ ಬೆಳಕು ಕಾಣದಿದ್ದ ಮಾತ್ರಕ್ಕೆ ಮೌಸು ಸತ್ತಿತೆನ್ನಲಾಗದು, ಏಕೆಂದರೆ ಕೆಲವು ಮೌಸುಗಳ ಬೆಳಕು ಕಣ್ಣಿಗೆ ಕಾಣದ ಜಾತಿಯದು. ಈ ಸೀಮೆಯಲ್ಲಿ ಮೇಜಿನ ಮೇಲೂ ಫರಸಿ ಹಾಸುವ ರೂಢಿಯುಂಟು. ಬೆಳಕಿನ ಮೌಸು ತನ್ನ ಅಡಿಯ ಮೇಲ್ಮೈಯ ಸೂಕ್ಷ್ಮ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಅವನ್ನು ಹೋಲಿಸಿ ಚಲನೆಯನ್ನು ಅರಿಯುತ್ತದೆ. ಶಹಾಬಾದಿನ ಒರಟು ಕಲ್ಲು ಅದಕ್ಕೆ ಅಡ್ಡಿಯಲ್ಲ; ಕನ್ನಡಿಯಂತೆ ಪಾಲಿಶ್ ಮಾಡಿದ ಕಲ್ಲು ಅಡ್ಡಿಯಾಗಬಹುದು. ಬಿಳಿಯ ಹಾಳೆಯೊಂದನ್ನು ಅಡಿಗೆ ಹಾಕಿದರೆ ಸಾಕು. ಕಿಂಡಿಯ ದೂಳು, ಮೌಸಿನ ಕಣ್ಣಿಗೆ ಕುಳಿತ ದೂಳು ಸಹ ಕಾರಣವಾಗಬಲ್ಲವು. ಸಿಮೆಂಟು, ಕಲ್ಲುಗಣಿಗಳ ಊರುಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಬಾಣ ಇದ್ದೂ ಕಾಣದಿದ್ದರೆ ವಿಚಾರ ಬೇರೆ. ತರಗತಿಯಲ್ಲಿ ಪ್ರೊಜೆಕ್ಟರ್ ಬಳಸಿದ್ದರೆ ಅದನ್ನು ಮೊದಲು ನೆನೆಯಬೇಕು. ಪ್ರೊಜೆಕ್ಟರನ್ನು ಎರಡನೆಯ ತೆರೆಯೆಂದು ಭಾವಿಸಿದ ಯಂತ್ರದಲ್ಲಿ ಬಾಣವು ಆ ತೆರೆಯ ಕಡೆಗೆ ಸರಿದುಹೋಗಿರಬಹುದು. ಸೂಪರ್ ಕೀಲಿ, ಅಂದರೆ ವಿಂಡೋಸ್ ಗುರುತಿನ ಕೀಲಿಯೊಡನೆ ಪಿ ಕೀಲಿಯನ್ನು ಒತ್ತಿ ಎರಡೂ ತೆರೆಗಳಲ್ಲಿ ಒಂದೇ ಚಿತ್ರ ಬರುವಂತೆ ಮಾಡಿದರೆ ಬಾಣ ಹಿಂದಿರುಗುತ್ತದೆ.

ಅದೂ ಅಲ್ಲವಾದರೆ, ಯಂತ್ರವು ನಿದ್ರಾವಸ್ಥೆಯಿಂದ ಎಚ್ಚೆತ್ತ ಮೇಲೆ ಈ ತೊಡಕು ಬಂದಿತೇ ಎಂದು ಕೇಳಿಕೊಳ್ಳಬೇಕು. ಎಚ್ಚೆತ್ತಾಗ ತೆರೆಯ ಚಿತ್ರವನ್ನು ಮತ್ತೆ ಬರೆಯುವ ಚಾಲಕ ತಂತ್ರಾಂಶವು ಮೇಲೆ ತೇಲುವ ಬಾಣದ ಚಿತ್ರವನ್ನು ಮತ್ತೆ ಹಚ್ಚದೆ ಬಿಡುವುದುಂಟು. ಇದಕ್ಕೆ ಅತ್ಯಂತ ಸುಲಭವಾದ, ಮಾಡುತ್ತಿದ್ದ ಕೆಲಸವನ್ನು ಕೆಡಿಸದ ಉಪಾಯವೊಂದಿದೆ. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರಗಳಷ್ಟೇ ಇರುವ ಕಪ್ಪು ತೆರೆ ಬರುತ್ತದೆ. ಬಳಿಕ ಉಬುಂಟುವಿನಲ್ಲಿ ಸಾಮಾನ್ಯವಾಗಿ ಕಂಟ್ರೋಲ್, ಆಲ್ಟ್, ಎಫ್2, ಮಿಂಟ್‌ನಲ್ಲಿ ಕಂಟ್ರೋಲ್, ಆಲ್ಟ್, ಎಫ್7 ಒತ್ತಿದರೆ ಮೊದಲಿನ ತೆರೆಗೆ ಮರಳಬಹುದು. ಈ ಹೋಗಿಬರುವಿಕೆಯಲ್ಲಿ ಗ್ರಾಫಿಕ್ಸ್ ವ್ಯವಸ್ಥೆ ಹೊಸದಾಗಿ ಸಿದ್ಧಗೊಳ್ಳುವುದರಿಂದ ಬಾಣವೂ ಹಲವು ಸಲ ಮರಳಿ ಕಾಣುತ್ತದೆ. ಯಂತ್ರವನ್ನು ಒಮ್ಮೆಗೇ ಆರಿಸುವ ಮುನ್ನ ಇದನ್ನು ಮಾಡಲೇಬೇಕು. ಆರಿಸಿದರೆ ವಿದ್ಯಾರ್ಥಿ ಬರೆದು ಉಳಿಸದಿದ್ದುದೆಲ್ಲ ಹೋಗುತ್ತದೆ.

ಕೀಲಿಮಣೆಯಿಂದ ಕೆಲಸ ಮಾಡುವಾಗ ಕನ್ನಡ ಶಾಲೆಗಳಿಗೆ ವಿಶೇಷವಾದ ಒಂದು ತಡೆ ಎದುರಾಗುತ್ತದೆ. ಯಂತ್ರದಲ್ಲಿ ಇನ್‌ಸ್ಕ್ರಿಪ್ಟ್ ಅಥವಾ ಕಗಪ ವಿನ್ಯಾಸ ಜಾರಿಯಲ್ಲಿದ್ದರೆ ಟರ್ಮಿನಲ್‌ನಲ್ಲಿ ಬರೆದ ಆಜ್ಞೆಯೆಲ್ಲ ಕನ್ನಡ ಅಕ್ಷರಗಳಾಗಿ ಮೂಡುತ್ತದೆ; ಯಂತ್ರಕ್ಕೆ ಅದು ತಿಳಿಯದು. ಮೇಲಿನ ಪಟ್ಟಿಯಲ್ಲಿ ಭಾಷೆ ಬದಲಿಸೋಣವೆಂದರೆ ಒತ್ತಲು ಬಾಣವೇ ಇಲ್ಲ! ಉಬುಂಟುವಿನಲ್ಲಿ ಸೂಪರ್ ಕೀಲಿಯೊಡನೆ ಸ್ಪೇಸ್ ಒತ್ತಿದರೆ ವಿನ್ಯಾಸ ಬದಲಾಗುತ್ತದೆ. ಆ ಬಳಿಕ ಕಂಟ್ರೋಲ್, ಆಲ್ಟ್, ಟಿ ಒತ್ತಿ ಟರ್ಮಿನಲ್ ತೆರೆದು, ಎಲ್, ಎಸ್, ಯು, ಎಸ್, ಬಿ ಎಂಬ ಐದು ಅಕ್ಷರಗಳನ್ನು ಬರೆದು ಎಂಟರ್ ಒತ್ತಿದರೆ, ಯಂತ್ರಕ್ಕೆ ಜೋಡಿಸಿದ ಯು.ಎಸ್.ಬಿ. ಉಪಕರಣಗಳ ಪಟ್ಟಿ ಬರುತ್ತದೆ. ಮೌಸಿನ ಹೆಸರು ಅಥವಾ ಅದರ ತಯಾರಕರ ಹೆಸರು ಅದರಲ್ಲಿದ್ದರೆ ತಂತಿ, ಕಿಂಡಿಗಳ ಮೇಲಿನ ಸಂಶಯ ಬಹುಪಾಲು ನೀಗುತ್ತದೆ.

ಕೆಲವೊಮ್ಮೆ ದೋಷವು ಸಂಯೋಜನೆಯಲ್ಲಿರುತ್ತದೆ. ಸೆಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗಕ್ಕೆ ಟ್ಯಾಬ್ ಮತ್ತು ದಿಕ್ಕಿನ ಕೀಲಿಗಳಿಂದಲೇ ಹೋಗಿ ಬಾಣದ ಗಾತ್ರವನ್ನು ಬದಲಿಸಿದರೆ ಚಿತ್ರವು ಹೊಸದಾಗಿ ಗ್ರಾಫಿಕ್ಸ್ ಚಿಪ್ಪಿಗೆ ಹೋಗುತ್ತದೆ. ಅಷ್ಟರಿಂದಲೇ ಬಾಣ ಕಂಡೀತು. ಕಂಟ್ರೋಲ್ ಒತ್ತಿದಾಗ ಬಾಣದ ಸುತ್ತ ವರ್ತುಲ ಮೂಡಿಸುವ ಅನುಕೂಲವೂ ಅಲ್ಲಿದೆ. ದೃಷ್ಟಿ ಮಂದವಾದ ಅಧ್ಯಾಪಕರಿಗೆ ಅದು ದೋಷವಿಲ್ಲದ ದಿನವೂ ಉಪಕಾರಿ. ತಂತ್ರಾಂಶದ ಬುದ್ಧಿವಂತಿಕೆಯೇ ದೋಷವಾದ ಉದಾಹರಣೆಯೂ ಉಂಟು. 2013ರ ಸುಮಾರಿನ ಗ್ನೋಮ್ ಆವೃತ್ತಿಗಳಲ್ಲಿ, ಸ್ಪರ್ಶ ತೆರೆಯಿರುವವರಿಗೆ ಬಾಣ ಬೇಡವೆಂದು ಅದನ್ನು ಮರೆಮಾಡುವ ಉಪಾಂಗವೊಂದನ್ನು ಸೇರಿಸಲಾಗಿತ್ತು. ಅದು ಮೌಸಿದ್ದವರ ಬಾಣವನ್ನೂ ಮರೆಮಾಡಿ ಅನೇಕರನ್ನು ಕಾಡಿತು. ಆ ಉಪಾಂಗವನ್ನು ನಿಷ್ಕ್ರಿಯಗೊಳಿಸುವುದೇ ಅಂದಿನ ಪರಿಹಾರವಾಗಿತ್ತು.

ತೊಡಕು ಮರುಕಳಿಸುತ್ತಿದ್ದರೆ ತಾತ್ಕಾಲಿಕ ಉಪಾಯ ಸಾಲದು. ಶಾಲೆಯ ಯಂತ್ರಕ್ಕೆ ನಿದ್ರಾವಸ್ಥೆಯ ಅವಶ್ಯಕತೆ ಕಡಿಮೆ, ಅದನ್ನು ನಿಲ್ಲಿಸಬಹುದು. ಲಿನಕ್ಸಿನ ತಿರುಳು ಮತ್ತು ಗ್ರಾಫಿಕ್ಸ್ ಚಾಲಕವನ್ನು ನವೀಕರಿಸಬೇಕು. 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಯಂತ್ರದಲ್ಲಿದ್ದರೆ, ಅದರ ಸಂಯೋಜನಾ ಕಡತದ ಡಿವೈಸ್ ಭಾಗದಲ್ಲಿ ಎಸ್‌ಡಬ್ಲ್ಯೂಕರ್ಸರ್ ಎಂಬ ಆಯ್ಕೆಯನ್ನು ಜಾರಿಗೊಳಿಸಬಹುದು. ಆಗ ಬಾಣವನ್ನು ಚಿಪ್ಪಿನ ಬದಲು ತಂತ್ರಾಂಶವೇ ತೆರೆಯ ಚಿತ್ರದೊಡನೆ ಬರೆಯುತ್ತದೆ. ವೇಗ ತುಸು ಕುಗ್ಗಬಹುದು, ಬಾಣ ಕಾಣುತ್ತದೆ. 2008ರಲ್ಲಿ ಆರಂಭವಾದ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯಲ್ಲಿ ಈ ಆಯ್ಕೆ ನಡೆಯದು. ಉಬುಂಟುವಿನ 24.04 ಆವೃತ್ತಿಯಲ್ಲಿ ಪ್ರವೇಶದ ತೆರೆಯಿಂದ ಎಕ್ಸ್ ವ್ಯವಸ್ಥೆಗೆ ಹೊರಳಬಹುದು, 25.10ರ ಗ್ನೋಮ್‌ನಲ್ಲಿ ಆ ದಾರಿಯನ್ನು ತೆಗೆದುಹಾಕಲಾಗಿದೆ.

ಇಷ್ಟರಿಂದಲೂ ಬಾಣ ಕಾಣದಿದ್ದರೆ ಮತ್ತೊಬ್ಬ ಬಳಕೆದಾರನ ಹೆಸರಿನಿಂದ ಯಂತ್ರವನ್ನು ಪ್ರವೇಶಿಸಿ ನೋಡಬೇಕು. ಅಲ್ಲಿ ಕಂಡರೆ ದೋಷವಿರುವುದು ಮೊದಲಿನ ಬಳಕೆದಾರನ ಸಂಯೋಜನೆಯಲ್ಲಿ ಮಾತ್ರ. ಅಲ್ಲಿಯೂ ಕಾಣದಿದ್ದರೆ, ಉಬುಂಟು ತುಂಬಿದ ಪೆನ್‌ಡ್ರೈವಿನಿಂದ, ಏನನ್ನೂ ಸ್ಥಾಪಿಸದೆ, ಯಂತ್ರವನ್ನು ಚಾಲನೆ ಮಾಡಬೇಕು. ಅದರಲ್ಲಿ ಬಾಣ ಕಂಡರೆ ಯಂತ್ರ ನಿರ್ದೋಷಿ. ಕಡತಗಳನ್ನು ಬೇರೆಡೆ ಉಳಿಸಿಕೊಂಡು ಲಿನಕ್ಸನ್ನು ಮತ್ತೆ ಸ್ಥಾಪಿಸಿದರಾಯಿತು. ಬೇರೆ ಆವೃತ್ತಿಯ ಪೆನ್‌ಡ್ರೈವಿನಲ್ಲಿಯೂ, ಬೇರೆ ಮೌಸಿನಿಂದಲೂ ಕಾಣದೆ ಹೋದರೆ ಮಾತ್ರ ಯಂತ್ರವನ್ನು ಕಲಬುರಗಿಗೆ ಒಯ್ಯಬೇಕು. ಒಯ್ಯುವಾಗ ಈವರೆಗೆ ಮಾಡಿ ನೋಡಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿರಬೇಕು.