ಅಂತರ್ಜಾಲದ ಕಾಳಸಂತೆ ಮತ್ತು ಅದರ ಪತನ

‘ಕಾಳಸಂತೆ’ ಎರಡು ಪದಗಳು ಕೂಡಿ ಆದ ಸಮಾಸ. ‘ಕಾಳ’ ಎಂದರೆ ಕಪ್ಪು. ‘ಕಾಳರಾತ್ರಿ’ಯಲ್ಲಿರುವುದೂ ಇದೇ ಪದ. ‘ಸಂತೆ’ ಎಂದರೆ ಗೊತ್ತಾದ ಜಾಗದಲ್ಲಿ, ಗೊತ್ತಾದ ಹೊತ್ತಿನಲ್ಲಿ ಕೊಳ್ಳುವವರೂ ಮಾರುವವರೂ ನೆರೆಯುವ ಕೂಟ. ಉತ್ತೂರು, ಆಜರಾ, ಗಡಹಿಂಗ್ಲಜ ಸೀಮೆಯ ಮರಾಠಿಗರು ಇದನ್ನೇ ‘ಕಾಳಾ ಬಾಜಾರ’ ಎನ್ನುತ್ತಾರೆ. ಕಪ್ಪು ಬಣ್ಣ ಎರಡು ಭಾಷೆಗಳಿಗೂ ಸಾಮಾನ್ಯ. ಕನ್ನಡ ಮಾತ್ರ ಅದರ ಜೊತೆಗೆ ತನ್ನ ‘ಸಂತೆ’ಯನ್ನು ಉಳಿಸಿಕೊಂಡಿದೆ.

ಹಿಂದಿನ ತಲೆಮಾರಿಗೆ ಕಾಳಸಂತೆಯೆಂದರೆ ಪಡಿತರದ ಸಕ್ಕರೆ, ಸೀಮೆಎಣ್ಣೆಗಳು ಅಂಗಡಿಯ ಹಿಂಬಾಗಿಲಿನಿಂದ ಹೆಚ್ಚಿನ ಬೆಲೆಗೆ ಸಾಗುವುದು. ಅಲ್ಲಿ ‘ಕಾಳ’ ಇತ್ತು, ನಿಜವಾದ ‘ಸಂತೆ’ ಇರಲಿಲ್ಲ. ಯಾರೂ ಬಹಿರಂಗವಾಗಿ ನೆರೆಯುತ್ತಿರಲಿಲ್ಲ. ಅಂತರ್ಜಾಲದ ಯುಗದಲ್ಲಿ ಈ ಪದ ಅರ್ಥವಿಸ್ತಾರ ಪಡೆಯಿತು. ಮಾದಕ ವಸ್ತು, ಕದ್ದ ಬ್ಯಾಂಕ್ ಕಾರ್ಡಿನ ವಿವರ, ನಕಲಿ ಗುರುತಿನ ಚೀಟಿಗಳನ್ನು ಸಾಲುಸಾಲಾಗಿ ಜೋಡಿಸಿಟ್ಟು ಮಾರುವ ತಾಣಗಳು ಹುಟ್ಟಿಕೊಂಡವು. ಪದದ ಉತ್ತರಾರ್ಧ ಅಕ್ಷರಶಃ ಸತ್ಯವಾಯಿತು. ಪೊಲೀಸರು ಇಂಥ ತಾಣಗಳನ್ನು ಮುಚ್ಚಿದ ಬಗೆಯನ್ನು ಅರಿಯಬೇಕಾದರೆ ‘ಕಾಳ’ಕ್ಕಿಂತ ‘ಸಂತೆ’ಯ ಕಡೆಗೇ ಹೆಚ್ಚು ಗಮನ ಕೊಡಬೇಕು.

ಸಂತೆಯ ಆಧಾರ

ಗಡಹಿಂಗ್ಲಜದ ಪೇಟೆಗೆ ಸಂಕೇಶ್ವರಿ ಮೆಣಸಿನಕಾಯಿ ತಂದ ರೈತನಿಗೆ ಕೊಳ್ಳುವವನ ಪರಿಚಯ ಇರಬೇಕೆಂದಿಲ್ಲ. ಅವನು ನಂಬುವುದು ನಡುವಿನ ವ್ಯವಸ್ಥೆಯನ್ನು: ತಕ್ಕಡಿಯನ್ನು, ಅಡತಿ ಅಂಗಡಿಯ ಲೆಕ್ಕವನ್ನು, ಪೇಟೆಯಲ್ಲಿ ಆ ಅಂಗಡಿಗಿರುವ ಹೆಸರನ್ನು. ಮೋಸವಾದರೆ ಕೇಳಲು ಪೇಟೆಯ ಹಿರಿಯರಿದ್ದಾರೆ, ಕೊನೆಗೆ ನ್ಯಾಯಾಲಯವಿದೆ.

ಕಾನೂನಿನ ಹೊರಗಿನ ಸಂತೆಗೆ ಈ ಕೊನೆಯ ಆಸರೆಯಿಲ್ಲ. ತಾನು ಕೊಂಡ ಅಫೀಮು ಕಲಬೆರಕೆಯೆಂದು ಯಾರೂ ಠಾಣೆಗೆ ದೂರು ಕೊಡಲಾರರು. ಆದ್ದರಿಂದ ಅಲ್ಲಿ ನಂಬಿಕೆಯನ್ನು ಯಂತ್ರದಿಂದಲೇ ಕಟ್ಟಬೇಕಾಯಿತು. ಮೊದಲನೆಯದು ಟಾರ್ ಜಾಲ. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಬೀಜ ಕಂಡ ಈ ತಂತ್ರ, ಸಂದೇಶವನ್ನು ಉಳ್ಳಾಗಡ್ಡಿಯ ಪದರಗಳಂತೆ ಸುತ್ತಿ, ಹಲವು ಗಣಕಗಳ ಮೂಲಕ ಸಾಗಿಸಿ, ಕಳಿಸಿದವನ ನೆಲೆಯನ್ನು ಮರೆಮಾಡುತ್ತದೆ. ಎರಡನೆಯದು ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ. ಮೂರನೆಯದು ಮಧ್ಯಸ್ಥ ಠೇವಣಿ: ಕೊಂಡವನ ಹಣ ಮೊದಲು ತಾಣದ ಬಳಿ ಉಳಿಯುತ್ತದೆ, ಸರಕು ಮುಟ್ಟಿದ ಮೇಲೆ ಮಾರಿದವನಿಗೆ ಸೇರುತ್ತದೆ. ನಾಲ್ಕನೆಯದು ಕೊಂಡವರು ಬರೆಯುವ ಮೆಚ್ಚುಗೆ, ದೂರುಗಳ ದಾಖಲೆ. ಕಳ್ಳರ ಸಂತೆಗೂ ಒಳ್ಳೆಯ ಹೆಸರು ಬೇಕಾಯಿತು!

ಮೊದಲ ಪತನ: ಸಿಲ್ಕ್ ರೋಡ್

ಈ ನಾಲ್ಕನ್ನೂ ಒಂದೆಡೆ ತಂದು ಹೆಸರಾದ ತಾಣ ‘ಸಿಲ್ಕ್ ರೋಡ್’. ಇದು 2011ರಲ್ಲಿ ಆರಂಭವಾಯಿತು. ಇದರ ಒಡೆಯ ಕಥೆಯೊಂದರ ಕಡಲುಗಳ್ಳನ ಹೆಸರನ್ನು ಧರಿಸಿ ಮರೆಯಲ್ಲಿದ್ದ. ತಂತ್ರಜ್ಞಾನದ ಮರೆ ಗಟ್ಟಿಯಾಗಿತ್ತು, ಬಿರುಕಿದ್ದುದು ಮನುಷ್ಯನಲ್ಲಿ. ತಾಣ ತೆರೆದ ಹೊಸತರಲ್ಲಿ ಅದರ ಪ್ರಚಾರಕ್ಕೆ ಬಳಸಿದ್ದ ಅಡ್ಡಹೆಸರನ್ನೇ ಅವನು ಬೇರೊಂದು ಕಡೆ ತನ್ನ ನಿಜನಾಮದ ಇಮೇಲ್ ವಿಳಾಸದೊಡನೆ ಬಳಸಿದ್ದ. ತೆರಿಗೆ ಇಲಾಖೆಯ ತನಿಖಾಧಿಕಾರಿಯೊಬ್ಬರು ಹಳೆಯ ಬರಹಗಳನ್ನು ಹುಡುಕುತ್ತ ಈ ಎಳೆಯನ್ನು ಹಿಡಿದರು. 2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ರಾಸ್ ಉಲ್ಬ್ರಿಕ್ಟ್ ಬಂಧಿತನಾದ. ಅವನ ಲ್ಯಾಪ್‌ಟಾಪ್ ಮುಚ್ಚುವ ಮೊದಲೇ ಅಧಿಕಾರಿಗಳು ಅದನ್ನು ಕೈಗೆತ್ತಿಕೊಂಡರು; ಮುಚ್ಚಿದ್ದರೆ ಒಳಗಿನ ಸಾಕ್ಷ್ಯವೆಲ್ಲ ಗೂಢಲಿಪಿಯ ಹಿಂದೆ ಸರಿಯುತ್ತಿತ್ತು. 2015ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಕ್ಷಮಾದಾನ ನೀಡಿದರು.

ಈ ಜಯದಲ್ಲಿ ಎರಡು ಕೊರತೆಗಳಿದ್ದವು. ತನಿಖೆಯಲ್ಲಿ ತೊಡಗಿದ್ದ ಇಬ್ಬರು ಸರಕಾರಿ ಅಧಿಕಾರಿಗಳೇ ಬಿಟ್‌ಕಾಯಿನ್ ಕದ್ದು ಶಿಕ್ಷೆಗೊಳಗಾದರು. ಎರಡನೆಯದಾಗಿ, ಒಂದು ಬಾಗಿಲು ಮುಚ್ಚಿದೊಡನೆ ವ್ಯಾಪಾರಿಗಳು ಗಂಟು ಕಟ್ಟಿಕೊಂಡು ಮುಂದಿನ ತಾಣಕ್ಕೆ ನಡೆದರು. ಸಂತೆಯ ಜಾಗ ಹೋಯಿತು, ಸಂತೆ ಉಳಿಯಿತು.

ಎರಡು ಸಂತೆ, ಒಂದು ಬಲೆ

2014ರ ಕೊನೆಯಲ್ಲಿ ತೆರೆದ ‘ಆಲ್ಫಾಬೇ’ ಸಿಲ್ಕ್ ರೋಡನ್ನೂ ಮೀರಿ ಬೆಳೆಯಿತು. ಯೂರೋಪೋಲ್ ಸಂಸ್ಥೆಯ ಹೇಳಿಕೆಯಂತೆ ಅದಕ್ಕೆ 2 ಲಕ್ಷಕ್ಕೂ ಹೆಚ್ಚು ಬಳಕೆದಾರರೂ 40 ಸಾವಿರ ಮಾರಾಟಗಾರರೂ ಇದ್ದರು. ಇಲ್ಲಿಯೂ ಸುಳಿವು ಕೊಟ್ಟದ್ದು ಒಂದು ಸಣ್ಣ ಮರವೆ: ಆರಂಭದ ದಿನಗಳಲ್ಲಿ ಹೊಸ ಸದಸ್ಯರಿಗೆ ಹೋಗುತ್ತಿದ್ದ ಸ್ವಾಗತ ಪತ್ರದಲ್ಲಿ ಒಡೆಯನ ಖಾಸಗಿ ಇಮೇಲ್ ವಿಳಾಸ ಸೇರಿಕೊಂಡಿತ್ತು. ಕೆನಡಾದ ಅಲೆಕ್ಸಾಂಡರ್ ಕ್ಯಾಝೆಸ್‌ನನ್ನು 2017ರ ಜುಲೈ 5ರಂದು ಬ್ಯಾಂಕಾಕಿನಲ್ಲಿ ಬಂಧಿಸಲಾಯಿತು. ಒಂದು ವಾರದ ಬಳಿಕ ಅವನು ಬಂಧನದಲ್ಲಿಯೇ ಸತ್ತ.

ಸಿಲ್ಕ್ ರೋಡಿನ ಕಥೆ ಮರುಕಳಿಸಿದ್ದರೆ ವ್ಯಾಪಾರಿಗಳು ಮತ್ತೊಂದು ತಾಣಕ್ಕೆ ಹೋಗಿ ನೆಮ್ಮದಿಯಿಂದ ಕೂರುತ್ತಿದ್ದರು. ಅವರು ಹೋದದ್ದೂ ನಿಜ. ಹೋದದ್ದು ‘ಹಾನ್ಸಾ’ ಎಂಬ ತಾಣಕ್ಕೆ. ಆದರೆ ಜರ್ಮನಿಯಲ್ಲಿ ಅದರ ಇಬ್ಬರು ನಿರ್ವಾಹಕರು ಬಂಧಿತರಾಗಿ, ಜೂನ್ 20ರಿಂದಲೇ ಹಾನ್ಸಾ ನೆದರ್‌ಲ್ಯಾಂಡ್ಸ್ ಪೊಲೀಸರ ಕೈಯಲ್ಲಿತ್ತು. ತಾಣ ಮೊದಲಿನಂತೆಯೇ ನಡೆಯುತ್ತಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ಆಲ್ಫಾಬೇ ಮುಚ್ಚಿದ ಮೇಲೆ ಹಾನ್ಸಾಗೆ ಬರುವ ಹೊಸ ಸದಸ್ಯರ ಸಂಖ್ಯೆ ಎಂಟು ಪಟ್ಟು ಹೆಚ್ಚಿತು. ಪೊಲೀಸರು ಗುಪ್ತಪದಗಳನ್ನೂ, ಸಂದೇಶಗಳು ಗೂಢಲಿಪಿಗೆ ತಿರುಗುವ ಮುನ್ನವೇ ಅವುಗಳಲ್ಲಿದ್ದ ವಿಳಾಸಗಳನ್ನೂ ದಾಖಲಿಸಿಕೊಂಡರು. ತಾಂತ್ರಿಕ ತೊಂದರೆಯಿಂದ ಚಿತ್ರಗಳು ಅಳಿಸಿಹೋಗಿವೆ ಎಂದು ಹೇಳಿ ಮಾರಾಟಗಾರರಿಂದ ಅವನ್ನು ಮತ್ತೆ ಹಾಕಿಸಿದರು. ಚಿತ್ರದ ಒಳಗೆ ಅಡಗಿದ್ದ ಸ್ಥಳದ ಗುರುತು ಹೀಗೆ ಕೈಗೆ ಬಂತು. ಸುಮಾರು ಒಂದು ತಿಂಗಳು ನಡೆಸಿದ ಬಳಿಕ, ಜುಲೈ 20ರಂದು ಬಾಗಿಲು ಮುಚ್ಚಿ ವಿಷಯವನ್ನು ಲೋಕಕ್ಕೆ ತಿಳಿಸಿದರು. ವಿದೇಶಿ ಕೊಳ್ಳುಗರ ಸುಮಾರು 10 ಸಾವಿರ ವಿಳಾಸಗಳು ಯೂರೋಪೋಲ್‌ಗೆ ಸೇರಿದವು.

‘ಸಂತೆ ನೆರೆಯುವ ಮುನ್ನವೇ ಗಂಟುಕಳ್ಳರು ನೆರೆದರು’ ಎಂಬುದು ನಾಡಿನ ಗಾದೆ. ಹಾನ್ಸಾದಲ್ಲಿ ಗಾದೆ ತಿರುವುಮುರುವಾಯಿತು: ಗಂಟುಕಳ್ಳರು ನೆರೆಯುವ ಮುನ್ನವೇ ಕಾವಲಿನವರು ಅಂಗಡಿ ತೆರೆದು ಕುಳಿತಿದ್ದರು. ಮುಂದೆ ಯಾವ ಹೊಸ ತಾಣ ತೆರೆದರೂ ‘ಇದರ ಒಡೆಯ ಪೊಲೀಸನೇ ಇರಬಹುದೇ?’ ಎಂಬ ಅಳುಕು ಹೋಗದಂತಾಯಿತು. ಸಿಲ್ಕ್ ರೋಡಿನಲ್ಲಿ ಮುರಿದದ್ದು ಬಾಗಿಲು; ಹಾನ್ಸಾದಲ್ಲಿ ಮುರಿದದ್ದು ಸಂತೆ ನಿಂತಿದ್ದ ನಂಬಿಕೆ.

ನ್ಯಾಯದ ಪ್ರಶ್ನೆ

ಆ ಒಂದು ತಿಂಗಳು ಹಾನ್ಸಾದಲ್ಲಿ ಮಾದಕ ವಸ್ತುಗಳ ಮಾರಾಟ ನಡೆದೇ ಇತ್ತು. ಕೆಲವು ಪೊಟ್ಟಣಗಳನ್ನು ತಡೆಯಲಾಯಿತು, ಎಲ್ಲವನ್ನೂ ತಡೆಯಲಾಗಲಿಲ್ಲ. ಅತಿ ಮಾರಕವಾದ ಫೆಂಟನಿಲ್ ಮಾರಾಟವನ್ನು ಮಾತ್ರ ಪೊಲೀಸರು ನಿಷೇಧಿಸಿದರು. ದೊಡ್ಡ ಕೇಡನ್ನು ತಡೆಯಲು ಪ್ರಭುತ್ವ ಸಣ್ಣ ಕೇಡನ್ನು ತಾನೇ ನಡೆಸಬಹುದೇ? ಸರಕಾರಿ ಅಭಿಯೋಜಕರ ಅನುಮತಿಯೂ ಕಾಲದ ಮಿತಿಯೂ ಇದ್ದವೆಂಬುದು ಒಂದು ಕಡೆಯ ಉತ್ತರ. ಆ ದಿನಗಳಲ್ಲಿ ತಲುಪಿದ ಒಂದು ಪೊಟ್ಟಣ ಒಂದು ಮನೆಯ ಮಗನನ್ನೋ ಮಗಳನ್ನೋ ಬಲಿ ತೆಗೆದುಕೊಂಡಿದ್ದರೆ ಎಂಬುದು ಇನ್ನೊಂದು ಕಡೆಯ ಪ್ರಶ್ನೆ. ಸಿಲ್ಕ್ ರೋಡ್ ತನಿಖೆಯ ಇಬ್ಬರು ಅಧಿಕಾರಿಗಳ ಕಳ್ಳತನವನ್ನು ನೆನೆದರೆ ಪ್ರಶ್ನೆಯ ತೂಕ ಇನ್ನೂ ಹೆಚ್ಚುತ್ತದೆ. ಕಾಳಸಂತೆಯ ನಂಬಿಕೆಯನ್ನು ಮುರಿಯುವವರ ಮೇಲೆ ಜನರಿಗೆ ನಂಬಿಕೆ ಇರಬೇಕು. ಮೇಲ್ವಿಚಾರಣೆಯಿಲ್ಲದ ಬಲೆ ಬೀಸಿದವನನ್ನೂ ಕೆಡಿಸೀತು.

ನಮ್ಮ ನೆಲದಲ್ಲಿ

ಈ ಸಂತೆ ದೂರದ ದೇಶಗಳದ್ದೆಂದು ತಿಳಿಯುವಂತಿಲ್ಲ. ತಾಣ ಎಲ್ಲಿದ್ದರೂ ಸರಕು ಅಂಚೆಯಲ್ಲಿಯೇ ಬರಬೇಕು. 2020ರಲ್ಲಿ ವಿದೇಶದಿಂದ ಬೆಂಗಳೂರಿಗೆ ಅಂಚೆಯಲ್ಲಿ ಬಂದ ಪೊಟ್ಟಣಗಳಲ್ಲಿ ಎಂಡಿಎಂಎ ಗುಳಿಗೆಗಳು ಸಿಕ್ಕಿಬಿದ್ದವು. 2025ರಲ್ಲಿ ಮಾದಕ ವಸ್ತು ನಿಯಂತ್ರಣ ಬ್ಯೂರೋದ ಕೊಚ್ಚಿ ಘಟಕ, ‘ಕೆಟಾಮೆಲನ್’ ಎಂಬ ಹೆಸರಿನಲ್ಲಿ ಕೇರಳದ ಮೂವಾಟ್ಟುಪುಳದಿಂದ ನಡೆಯುತ್ತಿದ್ದ ಮಾರಾಟ ಜಾಲವನ್ನು ಭೇದಿಸಿತು. ಸಾವಿರಕ್ಕೂ ಹೆಚ್ಚು ಎಲ್‌ಎಸ್‌ಡಿ ಚೀಟಿಗಳು ವಶವಾದವು. ದೇಶದಲ್ಲಿ ಇಂಥ ಪ್ರಕರಣಗಳಿಗೆ 1985ರ ಮಾದಕ ವಸ್ತುಗಳ ಕಾಯಿದೆಯೂ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಅನ್ವಯಿಸುತ್ತವೆ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ.

ಮರೆಯಲ್ಲಿದ್ದೇನೆಂಬ ಧೈರ್ಯದಿಂದ ಗುಂಡಿ ಒತ್ತುವ ಯುವಕ ಕೊನೆಗೆ ತನ್ನ ಮನೆಯ ವಿಳಾಸವನ್ನು ಬರೆದುಕೊಡಲೇಬೇಕು. ಆ ವಿಳಾಸವನ್ನು ಓದುತ್ತಿರುವವನು ವ್ಯಾಪಾರಿಯೋ ಪೊಲೀಸನೋ ಅವನಿಗೆ ತಿಳಿಯದು. ವ್ಯಾಪಾರಿಯೇ ಆಗಿದ್ದರೂ ವಿಷವನ್ನು ಮಾರುವವನ ಕೈಗೆ ತನ್ನ ಮನೆಯ ಗುರುತು ಕೊಟ್ಟಂತಾಯಿತು. ಸಂತೆಯಲ್ಲಿ ಕೊಳ್ಳುವವನನ್ನು ಕಾಯುವುದು ಹಗಲಿನ ಬೆಳಕು, ನೆರೆದ ಜನ ಮತ್ತು ಕಾನೂನು. ಕಾಳಸಂತೆಯಲ್ಲಿ ಈ ಮೂರೂ ಇಲ್ಲ.

ಅಭ್ಯಾಸ

1. ‘ಕಾಳಸಂತೆ’ ಪದದ ಅರ್ಥವಿಸ್ತಾರವನ್ನು ವಿವರಿಸಿ. ಅಂತರ್ಜಾಲದಿಂದ ಹೀಗೆ ಅರ್ಥ ಬದಲಿಸಿಕೊಂಡ ಮೂರು ಕನ್ನಡ ಪದಗಳನ್ನು ಬರೆಯಿರಿ.

2. ಸಿಲ್ಕ್ ರೋಡ್ ಮತ್ತು ಹಾನ್ಸಾ ತಾಣಗಳ ಪತನದಲ್ಲಿರುವ ವ್ಯತ್ಯಾಸವೇನು?

3. ಪೊಲೀಸರು ಸುಮಾರು ಒಂದು ತಿಂಗಳು ಕಾಳಸಂತೆಯನ್ನು ನಡೆಸಿದ್ದು ನ್ಯಾಯವೇ? ಎರಡೂ ಪಕ್ಷಗಳ ವಾದವನ್ನು ಮಂಡಿಸಿ.