ಬಂಡೆಯ ಮುಂದೆ ಇಳಕಲ್ ಸೀರೆ

ಬಾದಾಮಿಗೆ ಇಳಕಲ್ ಸೀರೆ ಒಯ್ದು ಫೋಟೊ ತೆಗೆಯೋ ಆಸೆಯೇ? ಮೊದಲು ಬಣ್ಣ ನೋಡಿ. ಅಲ್ಲಿನ ಮರಳುಗಲ್ಲೇ ಕೆಂಪು, ಇಳಕಲ್ಲಿನ ತೆನೆ ಸೆರಗೂ ಕೆಂಪು. ಬಂಡೆಯ ಮೇಲೆ ಸೆರಗು ಹಾಸಿದರೆ ಅದು ಕಲ್ಲಿನಲ್ಲೇ ಕರಗಿಹೋದೀತು. ಕಪ್ಪು ಚಂದ್ರಕಾಳಿ ಅಥವಾ ಹಸಿರು ಒಡಲು ಬಂಡೆಗೆ ತಾಗಿರಲಿ, ಸೆರಗು ಅಗಸ್ತ್ಯ ತೀರ್ಥದ ಕೆರೆ ನೀರಿನತ್ತ ಹಾರಲಿ. ಸಂಜೆಯ ಓರೆ ಬಿಸಿಲಿಗೆ ಕಾಯಿರಿ. ನಡುಹಗಲಲ್ಲಿ ರೇಷ್ಮೆ ಬರೀ ಬೆಳ್ಳಗೆ ಹೊಳೆದು ನೇಯ್ಗೆಯೇ ಕಾಣುವುದಿಲ್ಲ.

ಗಾಳಿಯ ಜೊತೆ ಹಟ ಬೇಡ. 1972ರಲ್ಲಿ ಅಮೆರಿಕದ ಕೊಲರಾಡೊದ ಕಣಿವೆಯೊಂದಕ್ಕೆ ಕಲಾವಿದರಾದ ಕ್ರಿಸ್ಟೊ ಮತ್ತು ಜಾನ್-ಕ್ಲೋಡ್ ಅಡ್ಡಲಾಗಿ ಕಟ್ಟಿದ ಕಿತ್ತಳೆ ಬಣ್ಣದ ಪರದೆಯೇ 28 ಗಂಟೆಗಳಲ್ಲೇ ಬಿರುಗಾಳಿಗೆ ಸೋತಿತ್ತು, ನಮ್ಮದೇನು ಲೆಕ್ಕ! ಹಾರುವ ಸೆರಗು ಗಕ್ಕನೆ ನಿಲ್ಲಬೇಕೆಂದರೆ ಶಟರ್ ವೇಗ 1/500 ಸೆಕೆಂಡು ಇಡಿ. ಹೊಗೆಯಂತೆ ತೇಲಬೇಕೆಂದರೆ 1/15. ಆಗ ಕ್ಯಾಮೆರಾ ಅಲುಗಬಾರದು. ಸ್ಮಾರಕಗಳ ಆವರಣದಲ್ಲಿ ಟ್ರೈಪಾಡಿಗೆ ಅನುಮತಿ ಬೇಕು, ಮೊದಲೇ ಕೇಳಿಕೊಳ್ಳಿ. ಜಾಲಿ ಗಿಡಕ್ಕೆ ಮಾತ್ರ ಸೀರೆ ಹೊದಿಸಬೇಡಿ, ಒಂದು ಮುಳ್ಳು ಸಾಕು ಎಳೆ ಕೀಳಲು. ನನ್ನ ಅವ್ವನ ಸೀರೆಗೆ ಆದದ್ದು ಅದೇ. ಆಕೆಗೆ ಇನ್ನೂ ಹೇಳಿಲ್ಲ.